ನಾಯಕರ ನುಡಿಯೂ ನೆಲಜಲಗಳ ನೀತಿಯೂ

ಕಿರಿಯ: ಮೇಷ್ಟರೇ, ತಾವು ರಾಜಕೀಯ ನಾಯಕರ ಭಾಷಣಗಳನ್ನು ಕಾವ್ಯವನ್ನೋದುವಷ್ಟೇ ಶ್ರದ್ಧೆಯಿಂದ ಓದುವುದನ್ನು ಕಂಡಾಗಲೆಲ್ಲ ನನಗೆ ಆಶ್ಚರ್ಯವಾಗುತ್ತದೆ. ನೀರಿನ ಕಾಮಗಾರಿಗಳ ನಡುವೆಯೇ ಆಯುಷ್ಯವನ್ನು ಕಳೆಯುತ್ತಿರುವ ಎಂಜಿನಿಯರನಾದ ನಾನು ಕಂಡಮಟ್ಟಿಗೆ, ಅಣೆಕಟ್ಟು ಎಲ್ಲಿ ಏಳಬೇಕು, ಕಾಡು ಎಷ್ಟು ಉಳಿಯಬೇಕು, ಕಲ್ಲಿದ್ದಲನ್ನು ಇನ್ನೆಷ್ಟು ವರ್ಷ ಉರಿಸಬೇಕು ಎಂಬುದನ್ನೆಲ್ಲ ನಿರ್ಣಯಿಸುವವು ಹಣ, ವಿದ್ಯುತ್ತಿನ ಬೇಡಿಕೆ, ಮತಗಳ ಲೆಕ್ಕ ಈ ಮೂರೇ. ವೇದಿಕೆಯ ಮಾತು ನಿರ್ಣಯವಾದ ಮೇಲೆ ಅದಕ್ಕೆ ತೊಡಿಸುವ ಆಭರಣ. ಆಭರಣವನ್ನು ನೋಡಿ ಶರೀರದ ಆರೋಗ್ಯವನ್ನು ತಿಳಿಯಲಾದೀತೆ?

ಹಿರಿಯರು: ಹಣವೂ ಬೇಡಿಕೆಯೂ ಮತವೂ ಪ್ರಬಲ ಶಕ್ತಿಗಳೆಂಬುದನ್ನು ನಾನು ಅಲ್ಲಗಳೆಯಲಾರೆ. ಆದರೆ ಪ್ರಜಾಪ್ರಭುತ್ವದಲ್ಲಿ ಆ ಶಕ್ತಿಗಳು ತಾವು ತಾವಾಗಿಯೇ ಬಂದು ಶಾಸನಗಳಾಗಲಾರವು. ಯಾವುದಾದರೊಂದು ನ್ಯಾಯದ ಹೆಸರನ್ನು ಪಡೆದು, ಸಭೆಯಲ್ಲಿ ಉಚ್ಚರಿಸಲ್ಪಟ್ಟು, ಜನರ ಕಿವಿಗೆ ಒಪ್ಪಿಗೆಯಾಗಿ, ಅನಂತರವೇ ಅವು ಸರ್ಕಾರದ ಕಡತವನ್ನು ಪ್ರವೇಶಿಸಬೇಕು. ಆ ಹೆಸರನ್ನು ಇಡುವವನು ನಾಯಕ. ಅವನು ಹೆಸರಿಡುವಾಗಲೇ, ಇನ್ನು ಮುಂದೆ ಯಾವ ಪ್ರಶ್ನೆಯನ್ನು ಕೇಳುವುದು ಉಚಿತ, ಯಾವುದನ್ನು ಕೇಳುವುದು ನಾಡಿಗೆ ದ್ರೋಹವೆನಿಸುತ್ತದೆ ಎಂಬುದೂ ನಿಶ್ಚಯವಾಗಿಬಿಡುತ್ತದೆ. ಈ ಕಾರಣದಿಂದ ನಾನು ಭಾಷಣಗಳನ್ನು ಓದುತ್ತೇನೆ.

ಕಿರಿಯ: ಒಂದು ಮಾತು ಶಾಸನವಾದ ದೃಷ್ಟಾಂತ ಯಾವುದಾದರೂ ಉಂಟೆ?

ಹಿರಿಯರು: ಉಂಟು. 1972ರ ಜೂನ್ ತಿಂಗಳಿನಲ್ಲಿ ಸ್ಟಾಕ್‌ಹೋಮಿನಲ್ಲಿ ವಿಶ್ವಸಂಸ್ಥೆಯ ಮಾನವ ಪರಿಸರ ಸಮ್ಮೇಳನ ಸೇರಿದಾಗ, ಆತಿಥೇಯ ದೇಶವಾದ ಸ್ವೀಡನ್ನಿನ ಪ್ರಧಾನಿಯನ್ನು ಬಿಟ್ಟರೆ, ಅಲ್ಲಿಗೆ ಬಂದ ಸರ್ಕಾರದ ಮುಖ್ಯಸ್ಥರು ನಮ್ಮ ಪ್ರಧಾನಿ ಇಂದಿರಾ ಗಾಂಧಿಯವರೊಬ್ಬರೇ. ಬಡತನ ಮತ್ತು ಅಭಾವಗಳೇ ಅತಿ ದೊಡ್ಡ ಮಾಲಿನ್ಯಕಾರಿಗಳಲ್ಲವೆ ಎಂದು ಅವರು ಆ ಸಭೆಯನ್ನು ಪ್ರಶ್ನಿಸಿದರು. ಅದೇ ಭಾಷಣದಲ್ಲಿ ಧನಿಕರಾಷ್ಟ್ರಗಳ ಹೊಣೆಯನ್ನೂ ನೆನಪಿಸಿದರು. ಜಗತ್ತಿನೆದುರು ಹಾಗೆ ನುಡಿದ ದೇಶ ಮನೆಗೆ ಮರಳಿದ ಮೇಲೆ ಸುಮ್ಮನಿರುವುದು ಸಾಧ್ಯವಾಗಲಿಲ್ಲ. ಅದೇ ವರ್ಷ ವನ್ಯಜೀವಿ ಸಂರಕ್ಷಣಾ ಕಾಯಿದೆ, 1974ರಲ್ಲಿ ಜಲಮಾಲಿನ್ಯದ ಕಾಯಿದೆ, 1976ರ ತಿದ್ದುಪಡಿಯಿಂದ ಸಂವಿಧಾನದಲ್ಲಿಯೇ ಪರಿಸರರಕ್ಷಣೆಯ ನಿರ್ದೇಶನ, 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯಿದೆ, 1981ರಲ್ಲಿ ವಾಯುಮಾಲಿನ್ಯದ ಕಾಯಿದೆ ಬಂದವು. ವಾಯು ಕಾಯಿದೆಯ ಪೀಠಿಕೆಯನ್ನು ತೆರೆದು ನೋಡು. ಭೋಪಾಲದ ದುರಂತದ ಬಳಿಕ 1986ರಲ್ಲಿ ಬಂದ ಪರಿಸರ ಸಂರಕ್ಷಣಾ ಕಾಯಿದೆಯ ಪೀಠಿಕೆಯನ್ನೂ ನೋಡು. ಎರಡೂ ಸ್ಟಾಕ್‌ಹೋಮ್ ಸಮ್ಮೇಳನದ ನಿರ್ಣಯಗಳನ್ನು ಹೆಸರಿಸಿಯೇ ಆರಂಭವಾಗುತ್ತವೆ. ಅಂತರರಾಷ್ಟ್ರೀಯ ನಿರ್ಣಯಗಳನ್ನು ಜಾರಿಗೆ ತರಲು ಸಂವಿಧಾನದ 253ನೆಯ ವಿಧಿ ಸಂಸತ್ತಿಗೆ ವಿಶೇಷಾಧಿಕಾರವನ್ನು ಕೊಡುವುದರಿಂದ, ಅಲ್ಲಿ ಕೊಟ್ಟ ವಚನವೇ ಇಲ್ಲಿಯ ಶಾಸನಾಧಿಕಾರದ ಆಧಾರವಾಯಿತು.

ಕಿರಿಯ: ಇದನ್ನು ಒಪ್ಪುತ್ತೇನೆ. ಆದರೆ ಆ ಸಂವಿಧಾನ ತಿದ್ದುಪಡಿ ತುರ್ತುಪರಿಸ್ಥಿತಿಯ ಕಾಲದ್ದೆಂಬುದನ್ನೂ, ಸ್ಟಾಕ್‌ಹೋಮಿನ ಆ ವಾಕ್ಯವೇ ಮುಂದೆ ವಿಪರೀತಾರ್ಥಕ್ಕೆ ಬಳಕೆಯಾಯಿತೆಂಬುದನ್ನೂ ಮರೆಯಬಾರದು. ಬಡತನವೇ ಮಾಲಿನ್ಯಕ್ಕೆ ಮೂಲ, ಆದ್ದರಿಂದ ಮೊದಲು ಕಾರ್ಖಾನೆ ಬರಲಿ, ಹೊಳೆಯ ಚಿಂತೆ ಆಮೇಲೆ ಎಂದು ವಾದಿಸುವವರ ಬಾಯಲ್ಲಿ ನಾನು ಕೇಳಿರುವುದು ಆ ಮಾತನ್ನೇ.

ಹಿರಿಯರು: ನೀನು ಮುಖ್ಯವಾದ ಅಂಶವನ್ನೇ ಹಿಡಿದೆ. ಅವರು ಕೇಳಿದ್ದು ಪ್ರಶ್ನೆ. ಲೋಕ ಉಳಿಸಿಕೊಂಡದ್ದು ತೀರ್ಪು. ಪ್ರಶ್ನೆಯ ಹಿಂದುಮುಂದಿನ ವಾಕ್ಯಗಳು ಕಳಚಿಬಿದ್ದು, ಬೇಕಾದವರಿಗೆ ಬೇಕಾದಷ್ಟು ಮಾತ್ರ ಉಳಿಯಿತು. ನಾಯಕನಾಡಿದ ಮಾತುಗಳಲ್ಲಿ ಯಾವುದು ಬಾಳುತ್ತದೆ, ಯಾವುದು ಅಳಿಯುತ್ತದೆ ಎಂಬುದು ಅವನು ಆಡಿದ ಮಾತಿನಷ್ಟೇ ವಿಚಾರಾರ್ಹವಾದದ್ದು. ಜವಾಹರಲಾಲ್ ನೆಹರೂ ಅವರು 1954ರಲ್ಲಿ ನಂಗಲ್ ನಾಲೆಯನ್ನು ಉದ್ಘಾಟಿಸುತ್ತ, ಮನುಷ್ಯನು ಮನುಷ್ಯನ ಒಳಿತಿಗಾಗಿ ದುಡಿಯುವ ಸ್ಥಳಕ್ಕಿಂತ ಹಿರಿದಾದ ದೇವಾಲಯ ಯಾವುದೆಂಬ ಭಾವದಿಂದ ನುಡಿದರು. ಆ ಮಾತು ದೇಶದ ಪಠ್ಯಪುಸ್ತಕಗಳನ್ನೆಲ್ಲ ಸೇರಿತು. ಅದೇ ನೆಹರೂ 1958ರ ನವೆಂಬರಿನಲ್ಲಿ ಕೇಂದ್ರ ನೀರಾವರಿ ಮತ್ತು ವಿದ್ಯುತ್ ಮಂಡಳಿಯ ಎಂಜಿನಿಯರುಗಳೆದುರು, ಎಲ್ಲವನ್ನೂ ಬೃಹತ್ತಾಗಿಯೇ ಕಟ್ಟಬೇಕೆಂಬ ಹಂಬಲವನ್ನು ಒಂದು ವ್ಯಾಧಿಯೆಂದೇ ಕರೆದು, ಸಣ್ಣ ನೀರಾವರಿಯನ್ನೂ ಸಣ್ಣ ಯೋಜನೆಗಳನ್ನೂ ಎತ್ತಿ ಹೇಳಿದರು. ನೀನು ಎಂಜಿನಿಯರಿಂಗ್ ಓದಿದವನಲ್ಲವೆ? ಆ ಎರಡನೆಯ ಭಾಷಣವನ್ನು ನಿನಗೆ ಯಾರಾದರೂ ಹೇಳಿದ್ದರೆ?

ಕಿರಿಯ: ಇಲ್ಲ, ಮೊದಲನೆಯದು ಮಾತ್ರ ಕಂಠಪಾಠವಾಗಿತ್ತು. ಆದರೆ ಇದರಿಂದ ನನ್ನ ವಾದವೇ ಗೆದ್ದಂತಾಯಿತಲ್ಲವೆ? ಕಟ್ಟುವವರಿಗೆ ಅನುಕೂಲವಾದ ಮಾತು ಉಳಿಯಿತು, ಅನನುಕೂಲವಾದದ್ದು ಅಳಿಯಿತು. ಮಾತನ್ನು ಆಯ್ದುಕೊಂಡದ್ದು ಹಿತಾಸಕ್ತಿಯೇ.

ಹಿರಿಯರು: ಆಯ್ದುಕೊಂಡದ್ದು ಹಿತಾಸಕ್ತಿಯೇ, ಆದರೆ ಆಯ್ದುಕೊಳ್ಳಬೇಕಾಗಿ ಬಂದುದೇಕೆ ಎಂದು ಯೋಚಿಸು. ಆ ಮಾತು ಕೈಯಲ್ಲಿರದಿದ್ದರೆ ನೆಲ ಕಳೆದುಕೊಂಡವನು ಬಂದು ಲೆಕ್ಕ ಕೇಳುತ್ತಿದ್ದ. ದೇವಾಲಯದ ಕಟ್ಟಡಕ್ಕೆ ಯಾರೂ ಲೆಕ್ಕ ಕೇಳುವುದಿಲ್ಲ. ನಮ್ಮ ಮಲೆನಾಡಿನಲ್ಲಿ ನಾನಿದನ್ನು ಕಣ್ಣಾರೆ ಕಂಡಿದ್ದೇನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಕಣಿವೆ ನೀರಿನಡಿ ಮುಳುಗಿದಾಗ, ಅಲ್ಲಿಂದೆದ್ದು ಹೋದವರನ್ನು ನಾಡಿಗೆ ಬೆಳಕು ಕೊಡಲು ತ್ಯಾಗಮಾಡಿದವರೆಂದು ಹೊಗಳಲಾಯಿತು. ತ್ಯಾಗವೆಂದರೆ ಸ್ವೇಚ್ಛೆಯಿಂದ ಕೊಟ್ಟದ್ದು. ಕೊಟ್ಟದ್ದಕ್ಕೆ ಪ್ರತಿಫಲ ಕೇಳುವುದು ತ್ಯಾಗಿಗೆ ಶೋಭಿಸದು. ಅವರನ್ನು ಸಂತ್ರಸ್ತರೆಂದು, ರಾಜ್ಯಕ್ಕೆ ಸಾಲ ಕೊಟ್ಟವರೆಂದು ಅಂದೇ ಕರೆದಿದ್ದರೆ, ಅರಣ್ಯಭೂಮಿಯಲ್ಲಿ ಅವರನ್ನು ನೆಲೆಗೊಳಿಸಿ ಹಕ್ಕುಪತ್ರದ ವಿಷಯವನ್ನು ಇತ್ಯರ್ಥಗೊಳಿಸದೆ ಅರ್ಧ ಶತಮಾನಕ್ಕೂ ಮಿಕ್ಕು ಕಾಯಿಸುವುದು ಅಷ್ಟು ಸುಲಭವಾಗುತ್ತಿರಲಿಲ್ಲ. ಮಾತು ಆ ಅನ್ಯಾಯವನ್ನು ಹುಟ್ಟಿಸಲಿಲ್ಲ. ಅದನ್ನು ಕಾಣದಂತೆ ಮಾಡಿತು, ಕಾಣದ್ದರಿಂದ ಅದು ಬಾಳಿತು.

ಕಿರಿಯ: ತಾವು ಮಲೆನಾಡಿನವರು, ಹೊಳೆಯ ದಡದಲ್ಲಿ ಹುಟ್ಟಿದವರು. ನಾನು ಕೋಲಾರದ ಸೀಮೆಯವನು. ನಮ್ಮಲ್ಲಿ ಕೊಳವೆಬಾವಿ ಸಾವಿರ ಅಡಿ ಇಳಿದರೂ ನೀರು ಸಿಕ್ಕುವುದು ನಿಶ್ಚಯವಿಲ್ಲ. ಸಿಕ್ಕಿದ ನೀರಿನಲ್ಲಿ ಫ್ಲೋರೈಡು. ಪಶ್ಚಿಮಕ್ಕೆ ಹರಿದು ವ್ಯರ್ಥವಾಗಿ ಸಮುದ್ರ ಸೇರುವ ನೀರನ್ನು ನಿಮಗೆ ತಂದುಕೊಡುತ್ತೇವೆ ಎಂದು ನಾಯಕರು ಹೇಳಿದಾಗ, ಆ ಮಾತಿನಲ್ಲಿ ದೋಷವಿದೆಯೆಂದು ನಮ್ಮ ತಾಯಂದಿರಿಗೆ ತೋರಲೇ ಇಲ್ಲ. ನಿಜ ಹೇಳಬೇಕೆಂದರೆ ನನಗೂ ಬಹುಕಾಲ ತೋರಲಿಲ್ಲ.

ಹಿರಿಯರು: ನಿಮ್ಮ ಸೀಮೆಯ ದಾಹ ಸತ್ಯವಾದದ್ದು, ಅದನ್ನು ಲಘುವಾಗಿ ಕಾಣುವ ಹಕ್ಕು ಹೊಳೆಯ ದಡದವರಿಗೆ ಇಲ್ಲ. ಆದರೆ ನೀರಿನ ವಿದ್ಯೆಯನ್ನು ಬಲ್ಲವನು ನೀನು. ಸಮುದ್ರ ಸೇರುವ ನೀರು ವ್ಯರ್ಥವೆ?

ಕಿರಿಯ: ವಿದ್ಯೆಯ ದೃಷ್ಟಿಯಿಂದ ಅಲ್ಲ. ಹೊಳೆ ಕಡಲಿಗೆ ಒಯ್ಯುವ ಹೂಳು ದಂಡೆಯನ್ನು ಕಾಯುತ್ತದೆ. ಅಳಿವೆಯಲ್ಲಿ ಸಿಹಿನೀರು ಉಪ್ಪುನೀರಿನೊಡನೆ ಬೆರೆಯುವುದರಿಂದಲೇ ಮೀನು ಮರಿಮಾಡುತ್ತದೆ. ಸಿಹಿನೀರಿನ ಒತ್ತಡ ತಗ್ಗಿದರೆ ಉಪ್ಪು ಒಳನಾಡಿನ ಬಾವಿಗಳತ್ತ ಏರುತ್ತದೆ. ನೇತ್ರಾವತಿಯ ದಡದ ಬೇಸಾಯಗಾರನಿಗೂ ಮಂಗಳೂರಿನ ಮೀನುಗಾರನಿಗೂ ಆ ನೀರು ಸಂದಾಯವಾಗಿಯೇ ಕಡಲಿಗೆ ಹೋಗುತ್ತದೆ.

ಹಿರಿಯರು: ವ್ಯರ್ಥವೆಂಬ ವಿಶೇಷಣವೊಂದು ಸೇರಿದೊಡನೆ ಅವರಿಬ್ಬರೂ ಚರ್ಚೆಯಿಂದ ಹೊರಗಾದರಲ್ಲ! ಆ ನೀರನ್ನು ನಿಮ್ಮ ಸೀಮೆಗೆ ತರುವ ಎತ್ತಿನಹೊಳೆ ಯೋಜನೆಗೆ ಇಟ್ಟ ಇನ್ನೊಂದು ಹೆಸರನ್ನೂ ನೀನು ಬಲ್ಲೆ.

ಕಿರಿಯ: ಬಲ್ಲೆ, ಅದು ಕುಡಿಯುವ ನೀರಿನ ಯೋಜನೆ. 24.01 ಟಿಎಂಸಿ ನೀರನ್ನು ಎತ್ತುವುದು. ಅದರಲ್ಲಿ ಸುಮಾರು 14 ಟಿಎಂಸಿ ಕುಡಿಯಲು, ಸುಮಾರು 10 ಟಿಎಂಸಿ 527 ಕೆರೆಗಳನ್ನು ತುಂಬಿಸಿ ಅಂತರ್ಜಲವನ್ನು ಹೆಚ್ಚಿಸಲು. 2006ರ ಪರಿಸರ ಪರಿಣಾಮ ಅಧಿಸೂಚನೆ ಅಣೆಕಟ್ಟಿನ ವಿದ್ಯುತ್ತಿಗೂ ನೀರಾವರಿಗೂ ಪೂರ್ವಾನುಮತಿಯನ್ನು ವಿಧಿಸುತ್ತದೆ. ಕುಡಿಯುವ ನೀರಿನ ಯೋಜನೆಯನ್ನು ಆ ಪಟ್ಟಿಯಲ್ಲಿ ಹೇಳಿಲ್ಲ. ಕೆರೆ ತುಂಬಿಸುವುದು ನೀರಾವರಿಯಲ್ಲವೆ ಎಂದು ಆಕ್ಷೇಪಿಸಿದವರ ಅರ್ಜಿಯನ್ನು 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಳ್ಳಿಹಾಕಿ, ಇದು ಕುಡಿಯುವ ನೀರಿನ ಯೋಜನೆಯೇ ಎಂದಿತು. 12,912 ಕೋಟಿ ರೂಪಾಯಿಯ ಅಂದಾಜು 23,251 ಕೋಟಿಗೆ ಏರಿದ ಮೇಲೆ, 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತ ಉದ್ಘಾಟನೆಯಾಯಿತು. ಹೆಸರು ಬೇರೆಯಾಗಿದ್ದರೆ ಕಡತ ಹಿಡಿಯುತ್ತಿದ್ದ ದಾರಿಯೂ ಬೇರೆಯಾಗುತ್ತಿತ್ತೆಂಬುದನ್ನು ನಾನು ಒಪ್ಪಲೇಬೇಕು.

ಹಿರಿಯರು: ಇದರಲ್ಲಿ ಒಂದು ಪಕ್ಷವನ್ನು ದೂರಿ ಇನ್ನೊಂದನ್ನು ಹೊಗಳುವಂತಿಲ್ಲ; ಸಮುದ್ರಕ್ಕೆ ವ್ಯರ್ಥವೆಂಬ ಮಾತು ಎಲ್ಲ ಪಕ್ಷಗಳ ನಾಲಗೆಯಲ್ಲಿಯೂ ಇದೆ. ಆ ಮಾತಿನಿಂದ ನಿಮ್ಮವರಿಗೂ ಹಾನಿಯಾದದ್ದನ್ನು ನೋಡು. ಪೂರ್ಣ ಪರಿಶೀಲನೆ ನಡೆದಿದ್ದರೆ, ಮಳೆ ಕುಂದಿದ ವರ್ಷ ಮಲೆನಾಡಿನ ತೊರೆಗಳಿಂದ ಎಷ್ಟು ನೀರು ಸಿಕ್ಕೀತು, ದಾರಿಯ ಜಿಲ್ಲೆಗಳು ತಮ್ಮ ಪಾಲನ್ನು ಪಡೆದ ಮೇಲೆ ಕೋಲಾರದ ಮನೆಬಾಗಿಲಿಗೆ ಎಷ್ಟು ಬಂದೀತು ಎಂಬುದನ್ನು ಎಲ್ಲರೆದುರು ಉತ್ತರಿಸಬೇಕಾಗುತ್ತಿತ್ತು. ಆ ಉತ್ತರ ಹೆಚ್ಚಾಗಿ ಬೇಕಾಗಿದ್ದುದು ಬಾಯಾರಿದವರಿಗೇ.

ಕಿರಿಯ: ಹಾಗಾದರೆ ಮಲೆನಾಡಿನವರನ್ನೂ ಕೇಳುತ್ತೇನೆ. ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿ ಪಶ್ಚಿಮಘಟ್ಟದ ವರದಿಯನ್ನು ಕೊಟ್ಟಾಗಲೂ, 2013ರಲ್ಲಿ ಕಸ್ತೂರಿರಂಗನ್ ಸಮಿತಿ ಅದನ್ನು ಬಹಳಮಟ್ಟಿಗೆ ಇಳಿಸಿ ಘಟ್ಟದ ಶೇಕಡ 37ರಷ್ಟು ಭಾಗವನ್ನು ಮಾತ್ರ ಸೂಕ್ಷ್ಮಪ್ರದೇಶವೆಂದಾಗಲೂ, ಅವು ಜನವಿರೋಧಿ ವರದಿಗಳೆಂಬ ಕೂಗು ಎದ್ದದ್ದು ಘಟ್ಟದ ಊರುಗಳಲ್ಲಿಯೇ ಅಲ್ಲವೆ?

ಹಿರಿಯರು: ಅಲ್ಲಿಯೇ ಎದ್ದಿತು; ಆ ಕೂಗಿಗೆ ಪದಗಳನ್ನು ಒದಗಿಸಿದವರು ನಾಯಕರು. ವರದಿ ಇದ್ದದ್ದು ಇಂಗ್ಲಿಷಿನಲ್ಲಿ; ಅದನ್ನು ಜನರ ಭಾಷೆಯಲ್ಲಿ ಹಳ್ಳಿಗಳಿಗೆ ಮುಟ್ಟಿಸಿ ಗ್ರಾಮಸಭೆಗಳ ಅಭಿಪ್ರಾಯದಿಂದಲೇ ಎಲ್ಲೆಗಳನ್ನು ನಿಶ್ಚಯಿಸಬೇಕೆಂಬುದು ಗಾಡ್ಗೀಳರ ಆಶಯವಾಗಿತ್ತು. ಹಳ್ಳಿಗೆ ವರದಿ ಬರಲಿಲ್ಲ. ಒಕ್ಕಲೆಬ್ಬಿಸುತ್ತಾರೆ ಎಂಬ ಮಾತು ಬಂದಿತು. ಕಸ್ತೂರಿರಂಗನ್ ವರದಿ ನಿಷೇಧಿಸಬೇಕೆಂದದ್ದು ಗಣಿಗಾರಿಕೆ, ಕಲ್ಲು ಮರಳುಗಳ ತೆಗೆತ, ಉಷ್ಣವಿದ್ಯುತ್ ಸ್ಥಾವರ, ಅತಿಮಾಲಿನ್ಯದ ಕೈಗಾರಿಕೆ, ಬೃಹತ್ ಕಟ್ಟಡಗಳು ಇವನ್ನು. ಅಡಕೆಯ ತೋಟವನ್ನಾಗಲಿ ಭತ್ತದ ಗದ್ದೆಯನ್ನಾಗಲಿ ಅಲ್ಲ. ಅರಣ್ಯ ಇಲಾಖೆಯೊಡನೆ ತಲೆಮಾರುಗಳಿಂದ ಸೆಣಸಿದ ರೈತನಿಗೆ ಭಯಪಡಲು ಕಾರಣಗಳಿದ್ದವು. ನಾಯಕರು ಆ ಭಯವನ್ನು ವಿಚಾರಣೆಯತ್ತ ತಿರುಗಿಸಬಹುದಾಗಿತ್ತು, ಘೋಷಣೆಯತ್ತ ತಿರುಗಿಸಿದರು. ಕೇಂದ್ರದ ಆರನೆಯ ಕರಡು ಅಧಿಸೂಚನೆ 2024ರ ಜುಲೈ 31ರಂದು ಬಂದಿತು. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರಲ್ಲಿದೆ. ಸೆಪ್ಟೆಂಬರಿನಲ್ಲಿ ರಾಜ್ಯದ ಸಚಿವ ಸಂಪುಟ ಆ ವರದಿಯನ್ನು ಮತ್ತೊಮ್ಮೆ ತಿರಸ್ಕರಿಸಿತು. ಅದಕ್ಕೆ ಮುಂಚಿನ ಅನ್ಯಪಕ್ಷದ ಸರ್ಕಾರದ ಮಾತೂ ಇದೇ ಆಗಿತ್ತು. ಆ ಜುಲೈ ತಿಂಗಳಿನಲ್ಲಿಯೇ ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಗಾಗಿ ಕತ್ತರಿಸಿದ್ದ ಗುಡ್ಡ ಕುಸಿಯಿತು. ಕರಡು ಪ್ರಕಟವಾಗುವುದರ ಹಿಂದಿನ ದಿನ ವಯನಾಡಿನಲ್ಲಿ ಬೆಟ್ಟವೇ ಜಾರಿ ಹಳ್ಳಿಗಳನ್ನು ನುಂಗಿತು. ಇಂಥವಕ್ಕೆ ವೇದಿಕೆಯಲ್ಲಿ ಸಿದ್ಧವಾಗಿರುವ ಹೆಸರು ಪ್ರಕೃತಿವಿಕೋಪ. ಕೋಪ ಪ್ರಕೃತಿಯದಾದ ಮೇಲೆ ಗುಡ್ಡದ ಬುಡ ಕಡಿಯಲು ಅಪ್ಪಣೆ ಕೊಟ್ಟ ಸಹಿ ಯಾರದೆಂದು ಹುಡುಕುವವರಾರು?

ಕಿರಿಯ: ಹಾಗೆ ನೋಡಿದರೆ ನುಡಿಯೆಲ್ಲ ಮರೆಮಾಚುವ ಸಾಧನವೇ ಆಗಿಹೋಗುತ್ತದೆ. ಸ್ಟಾಕ್‌ಹೋಮಿನಂತೆ ಬೇರೆಡೆಯಲ್ಲೂ ಮಾತಿನಿಂದ ಒಳಿತಾದದ್ದುಂಟೆ?

ಹಿರಿಯರು: ಬ್ರಿಟನ್ನಿನ ಮಾರ್ಗರೆಟ್ ಥ್ಯಾಚರ್ ಅವರನ್ನು ನೋಡು. ಉದ್ಯಮಗಳಿಗೆ ಸರ್ಕಾರ ಅಡ್ಡಬರಬಾರದೆಂಬ ಪಂಥದವರು. ಆದರೆ ಆಕ್ಸ್‌ಫರ್ಡಿನಲ್ಲಿ ರಸಾಯನಶಾಸ್ತ್ರವನ್ನು ಓದಿದವರು. 1988ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರೆದುರು ವಾಯುಮಂಡಲದ ವ್ಯವಸ್ಥೆಯನ್ನೇ ನಾವು ಕದಡುತ್ತಿದ್ದೇವೆಂಬ ಎಚ್ಚರಿಕೆಯನ್ನು ಕೊಟ್ಟರು. ಮರುವರ್ಷ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಅದನ್ನೇ ವಿಸ್ತರಿಸಿದರು. 1990ರಲ್ಲಿ ಹವಾಮಾನದ ಭವಿಷ್ಯವನ್ನು ಗಣಿಸುವ ಹ್ಯಾಡ್ಲಿ ಕೇಂದ್ರವನ್ನು ಉದ್ಘಾಟಿಸಿದರು. ಅಧಿಕಾರವನ್ನು ಬಿಟ್ಟ ಮೇಲೆ 2002ರ ಪುಸ್ತಕವೊಂದರಲ್ಲಿ ಅವರು ಈ ವಿಷಯದಲ್ಲಿ ಸಂಶಯವನ್ನು ವ್ಯಕ್ತಪಡಿಸಿದರು. ಕೇಂದ್ರ ಮಾತ್ರ ಇಂದಿಗೂ ಕೆಲಸಮಾಡುತ್ತಿದೆ. ಸಂಸ್ಥೆಯಾಗಿ ನೆಲೆಗೊಂಡ ಮಾತು, ಆಡಿದವರ ಮನಸ್ಸು ಬದಲಾದರೂ ಬದಲಾಗುವುದಿಲ್ಲ. ಅದೇ 2002ರಲ್ಲಿ ಅಮೆರಿಕದ ರಿಪಬ್ಲಿಕನ್ ಪಕ್ಷಕ್ಕೆ ಫ್ರಾಂಕ್ ಲಂಟ್ಸ್ ಎಂಬ ಸಲಹೆಗಾರ ಬರೆದುಕೊಟ್ಟ ಟಿಪ್ಪಣಿಯ ಪರಿಣಾಮ ಇದಕ್ಕೆ ವಿರುದ್ಧವಾದದ್ದು: ಭೂಮಿ ಬಿಸಿಯೇರುತ್ತಿದೆ ಎನ್ನದೆ ಹವಾಮಾನ ಬದಲಾಗುತ್ತಿದೆ ಎನ್ನಿ, ಅದು ಕಡಿಮೆ ಭಯಂಕರ; ವಿಜ್ಞಾನಿಗಳಲ್ಲಿ ನಿಶ್ಚಯವಿಲ್ಲವೆಂಬುದನ್ನೇ ಮುಂದಿಡಿ ಎಂಬುದು ಅದರ ತಾತ್ಪರ್ಯ. ತನ್ನ ಸಲಹೆ ತಪ್ಪಾಗಿತ್ತೆಂದು ಆತ 2019ರಲ್ಲಿ ಸೆನೆಟ್ಟಿನ ಸಮಿತಿಯೆದುರು ಹೇಳಿದ. ಅಷ್ಟರಲ್ಲಿ ಆ ದೇಶ ಪ್ಯಾರಿಸ್ ಒಪ್ಪಂದದಿಂದ ಹೊರಬರುವ ಘೋಷಣೆಯೂ ಆಗಿಹೋಗಿತ್ತು.

ಕಿರಿಯ: ಪ್ಯಾರಿಸ್ಸಿನದು ನನಗೂ ಗೊತ್ತು. 2015ರ ಡಿಸೆಂಬರ್ 12ರಂದು, ಮುಂದುವರಿದ ದೇಶಗಳು ಮಾಲಿನ್ಯವನ್ನು ತಗ್ಗಿಸತಕ್ಕದ್ದು ಎಂಬ ಕಡ್ಡಾಯದ ಕ್ರಿಯಾಪದ ಕೊನೆಯ ಕರಡಿನಲ್ಲಿ ಕಂಡುಬಂದು, ಸೆನೆಟ್ಟಿನ ಒಪ್ಪಿಗೆ ದೊರೆಯದೆಂದು ಅಮೆರಿಕದವರು ಆಕ್ಷೇಪಿಸಲು, ಅದನ್ನು ಮುದ್ರಣದೋಷವೆಂದು ತಿದ್ದಿ ತಗ್ಗಿಸುವುದು ಉಚಿತವೆಂಬರ್ಥದ ಕ್ರಿಯಾಪದವನ್ನಿಟ್ಟರು. 2021ರಲ್ಲಿ ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ ಕಲ್ಲಿದ್ದಲನ್ನು ಹಂತಹಂತವಾಗಿ ನಿಲ್ಲಿಸುವ ಮಾತು ಕೊನೆಯ ಗಳಿಗೆಯಲ್ಲಿ ಹಂತಹಂತವಾಗಿ ತಗ್ಗಿಸುವುದಾಗಿ ಮಾರ್ಪಟ್ಟಿತು. ಅದನ್ನು ಸೂಚಿಸಿದವರು ನಮ್ಮ ಸಚಿವರು. ಧನಿಕರ ತೈಲವನ್ನೂ ಅನಿಲವನ್ನೂ ಬಿಟ್ಟು ಬಡವರ ಕಲ್ಲಿದ್ದಲನ್ನು ಮಾತ್ರ ಹೆಸರಿಸುವುದು ನ್ಯಾಯವಲ್ಲವೆಂಬ ವಾದದಲ್ಲಿ ಸತ್ತ್ವವೂ ಇತ್ತು.

ಹಿರಿಯರು: ಅದೇ ಸಭೆಯ ಆರಂಭದಲ್ಲಿ ನಮ್ಮ ಪ್ರಧಾನಿ ನರೇಂದ್ರ ಮೋದಿಯವರು ಪಂಚಾಮೃತವೆಂದು ಐದು ಪ್ರತಿಜ್ಞೆಗಳನ್ನು ಮಾಡಿದರಲ್ಲ, ಅವುಗಳ ಮುಂದಿನ ಕಥೆಯನ್ನು ಎಂಜಿನಿಯರನಾದ ನೀನೇ ಹೇಳಬೇಕು.

ಕಿರಿಯ: 2030ರ ವೇಳೆಗೆ ದೇಶದ ಇಂಧನದ ಅಗತ್ಯದಲ್ಲಿ ಶೇಕಡ 50ನ್ನು ನವೀಕರಿಸಬಹುದಾದ ಮೂಲಗಳಿಂದ ಪೂರೈಸುವುದಾಗಿ ಭಾಷಣದಲ್ಲಿ ಹೇಳಿದರು. 2022ರ ಆಗಸ್ಟಿನಲ್ಲಿ ವಿಶ್ವಸಂಸ್ಥೆಗೆ ಸಲ್ಲಿಸಿದ ಅಧಿಕೃತ ಪತ್ರದಲ್ಲಿ ಅದು ವಿದ್ಯುತ್ತಿನ ಸ್ಥಾಪಿತ ಸಾಮರ್ಥ್ಯದ ಶೇಕಡ 50 ಎಂದಾಯಿತು. ನೂರು ಕೋಟಿ ಟನ್ ಅಂಗಾರಾಮ್ಲವನ್ನು ತಗ್ಗಿಸುವ ಪ್ರತಿಜ್ಞೆ ಪತ್ರದ ಗುರಿಗಳಲ್ಲಿ ಸೇರಲಿಲ್ಲ. ಇಂಧನದ ಅಗತ್ಯವೆಂದರೆ ಲಾರಿಯ ಡೀಸೆಲು, ಉಕ್ಕಿನ ಕುಲುಮೆ, ಅಡಿಗೆಯ ಅನಿಲ ಎಲ್ಲವೂ ಸೇರಿದ್ದು. ವಿದ್ಯುತ್ತು ಅದರ ಒಂದು ಭಾಗ. ಸ್ಥಾಪಿತ ಸಾಮರ್ಥ್ಯವೋ ಯಂತ್ರದ ಮೇಲೆ ಬರೆದ ಶಕ್ತಿ. ಪಾವಗಡದ 2,050 ಮೆಗಾವಾಟ್ ಸೌರಸ್ಥಾವರಗಳ ಫಲಕಗಳು ರಾತ್ರಿ ಒಂದು ಯೂನಿಟ್ಟನ್ನೂ ಕೊಡಲಾರವು. ಪತ್ರದ ಗುರಿಯನ್ನು ದೇಶ 2025ರಲ್ಲಿ, ಐದು ವರ್ಷ ಮುಂಚಿತವಾಗಿಯೇ ಮುಟ್ಟಿತು. ಅದು ನಮ್ಮ ವೃತ್ತಿಯವರಿಗೆ ಹೆಮ್ಮೆಯ ಸಾಧನೆ. ಆದರೂ ಉತ್ಪಾದನೆಯಾಗುವ ವಿದ್ಯುತ್ತಿನ ಮೂರರಲ್ಲಿ ಎರಡು ಪಾಲಿಗೂ ಮಿಗಿಲು ಇನ್ನೂ ಕಲ್ಲಿದ್ದಲಿನದೇ.

ಹಿರಿಯರು: ನಿನ್ನ ಈ ವಿವರಣೆಯಲ್ಲಿ ನಾನು ಹೇಳಬೇಕೆಂದಿದ್ದ ಎಲ್ಲವೂ ಬಂದಿತು. ಸಾಧನೆಯೂ ಸತ್ಯ, ಉಳಿದ ಹೊರೆಯೂ ಸತ್ಯ. ಎರಡನ್ನೂ ನೀನು ಒಟ್ಟಿಗೆ ಕಾಣಬಲ್ಲವನಾದುದು, ಆ ಪ್ರತಿಜ್ಞೆಗೆ ಸಂಖ್ಯೆಯೂ ವರ್ಷವೂ ಇದ್ದುದರಿಂದ. ಸಂಖ್ಯೆಯಿಲ್ಲದ ಮಾತಾಗಿದ್ದರೆ ಭಾಷಣಕ್ಕೂ ಪತ್ರಕ್ಕೂ ನಡುವಿನ ಅಂತರವನ್ನು ಯಾರಿಂದಲೂ ಅಳೆಯಲಾಗುತ್ತಿರಲಿಲ್ಲ. ವ್ಯರ್ಥ, ತ್ಯಾಗ, ಜನವಿರೋಧಿ, ಪ್ರಕೃತಿವಿಕೋಪ ಇವು ಯಾವುದಕ್ಕೂ ಅಳತೆಯಿಲ್ಲ, ಅವಧಿಯಿಲ್ಲ, ಹೊಣೆಗಾರನಿಲ್ಲ. ಇಂಥ ಮಾತು ನೀತಿಯಾಗಿ ಪರಿಣಮಿಸಿದಾಗ, ಅದರಿಂದ ಕೆಟ್ಟದ್ದಾದರೂ ಕೇಳುವ ಸ್ಥಳವಿರುವುದಿಲ್ಲ. ಆದುದರಿಂದ ನಾಯಕನ ನುಡಿ ಎಷ್ಟು ಉದಾತ್ತವಾಗಿದೆಯೆಂದು ನೋಡುವುದಕ್ಕೆ ಮೊದಲು, ಎಷ್ಟು, ಎಂದಿಗೆ, ಯಾರ ಹೊಣೆ ಎಂದು ಪ್ರಜೆ ಕೇಳಬೇಕು. ಆ ವಾಕ್ಯದಲ್ಲಿ ಯಾರ ಹೆಸರು ಬಿಟ್ಟುಹೋಗಿದೆಯೆಂದೂ ಕೇಳಬೇಕು.

ಕಿರಿಯ: ಕೇಳಿದರೆ ಉತ್ತರ ಬಂದೀತೆಂಬ ಭರವಸೆ ತಮಗಿದೆಯೆ?

ಹಿರಿಯರು: ಒಬ್ಬ ಕೇಳಿದರೆ ಬಾರದು. ನಿಮ್ಮವರು ನಮ್ಮವರನ್ನೂ ನಮ್ಮವರು ನಿಮ್ಮವರನ್ನೂ ಶತ್ರುಗಳೆಂದೆಣಿಸಿ ಬೇರೆ ಬೇರೆಯಾಗಿ ಕೂಗಿದರಂತೂ ಬಾರದು. ಕೋಲಾರದವನು ತನಗೆ ಹಿತವಾಗಿ ಕೇಳಿಸುವ ಮಾತನ್ನೇ ಮೊದಲು ಪರೀಕ್ಷಿಸಬೇಕು, ಮಲೆನಾಡಿನವನು ತನಗೆ ಹಿತವಾದದ್ದನ್ನು. ಕಷ್ಟವಿರುವುದು ಅಲ್ಲಿಯೇ.

ಕಿರಿಯ: ಹಾಗಿದ್ದರೆ ನನ್ನ ಪಾಲಿನ ಕೆಲಸ ನನಗೆ ಸ್ಪಷ್ಟವಾಯಿತು. ನಮ್ಮ ತಾಲ್ಲೂಕಿನಲ್ಲಿ ಕೆರೆ ತುಂಬಿಸುವ ಮಾತು ಬಂದಾಗ ಯಾವ ತಿಂಗಳು, ಎಷ್ಟು ನೀರು, ಮಳೆ ಕುಂದಿದ ವರ್ಷ ಮೊದಲು ಕಡಿತವಾಗುವುದು ಯಾರ ಪಾಲು ಎಂದು ಗ್ರಾಮಸಭೆಯಲ್ಲಿ ಬರಹದಲ್ಲಿಯೇ ಕೇಳುವಂತೆ ನಮ್ಮ ಜನರಿಗೆ ಹೇಳುತ್ತೇನೆ. ನೇತ್ರಾವತಿಯ ಅಳಿವೆಯ ಮೀನುಗಾರನಿಗೆ ಏನುತ್ತರ ಕೊಟ್ಟಿರಿ ಎಂಬುದನ್ನೂ ಅದರಲ್ಲಿ ಸೇರಿಸಬೇಕೆನ್ನುತ್ತೇನೆ.

ಹಿರಿಯರು: ನಾನು ನಮ್ಮೂರಿನಲ್ಲಿ, ವರದಿಯ ಕನ್ನಡ ಪಾಠವನ್ನು ಕೈಗೆ ಕೊಡದೆ ಅದನ್ನು ಜನವಿರೋಧಿಯೆಂದು ಹೇಳಲು ಬರುವವರನ್ನು, ಯಾವ ಪುಟದಲ್ಲಿ ಯಾವ ಗದ್ದೆಯನ್ನು ನಿಷೇಧಿಸಿದೆಯೆಂದು ತೋರಿಸಿಕೊಡಿರೆಂದು ಕೇಳಲು ನಮ್ಮವರನ್ನು ಒಪ್ಪಿಸುತ್ತೇನೆ. ಎರಡೂ ಕಡೆಯ ಪ್ರಶ್ನೆಗಳು ಒಂದೇ ಕಡತದಲ್ಲಿ ಸಂಧಿಸಿದ ದಿನ, ನಾಯಕರು ಅಳತೆಯಿಟ್ಟು ಮಾತನಾಡಲೇಬೇಕಾಗುತ್ತದೆ.